ಎಡಕ್ಕೆ ಸುತ್ತಿದ ಗರಿ

ಅನ್ನದ ಪಾತ್ರೆಯಿಂದ ಮೊದಲು ತೋಡುವ ಸೌಟು ತಮೊತ್ಸುವಿನದು. ಆಮೇಲೆ ಅತ್ತೆಯದು, ಆಮೇಲೆ ಮಗುವಿನದು, ತಳದಲ್ಲಿ ಉಳಿದದ್ದು ಕಿನುವಿನದು. ಅವತ್ತೂ ಕಿನು ಬಾರ್ಲಿ ಬೆರೆಸಿದ ಬಿಸಿ ಅನ್ನವನ್ನು ಗಂಡನ ಕೆಂಪು ಬಟ್ಟಲಿಗೆ ತುಂಬಿದ್ದಳು. ಬಟ್ಟಲಿನ ಮುಚ್ಚಳ ಇನ್ನೂ ಕೈಯಲ್ಲೇ ಇತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

“ಕಿನು, ಸ್ವಲ್ಪ ಹೊರಗೆ ಬಾಮ್ಮ.”

ಕೆಳಮನೆಯ ಹಿಕೊಜಿ. ತಮೊತ್ಸುವಿನ ಜೊತೆಗೆ ಅದೇ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವನು.

“ಒಳಗೇ ಬಾ ಅಣ್ಣ. ಅನ್ನ ಬಡಿಸ್ತಾ ಇದೀನಿ.”

“ಕಾಲೆಲ್ಲ ಕೆಸರು, ನೀನೇ ಬಾ. ಅತ್ತೇನ ಈಗ್ಲೇ ಕರೀಬೇಡ.”

ಹೊಳೆ ಕೊನೆಗೂ ಏನನ್ನೋ ವಾಪಸು ಕೊಟ್ಟಿರಬೇಕು ಅಂದುಕೊಂಡಳು ಕಿನು. ಮುಚ್ಚಳವನ್ನು ಒಲೆಯ ಪಕ್ಕದಲ್ಲಿಟ್ಟು ಹೊರಗೆ ಬಂದಳು.

ಹಿಕೊಜಿಯ ಕೈಯಲ್ಲಿದ್ದದ್ದು ಒಂದೇ ಒಂದು ಅಮಾಗೊ ಮೀನು. ಕಿವಿರಿನಿಂದ ಬಾಯಿಗೆ ಕಡ್ಡಿ ಪೋಣಿಸಿ ತಂದಿದ್ದ. ಪಕ್ಕೆಯ ಕೆಂಪು ಬೊಟ್ಟುಗಳು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದವು.

“ಅದರ ಬಾಯಿ ನೋಡು.”

ತುಟಿಯ ಮೂಲೆಯಲ್ಲಿ ಒಂದು ಗರಿಗಾಳ ಚುಚ್ಚಿಕೊಂಡಿತ್ತು. ಅದರ ಹಿಂದೆ ಕಡಿದುಹೋದ ದಾರದ ಗೇಣುದ್ದದ ಎಳೆ.

“ನನ್ನದಲ್ಲ ಅದು. ನನ್ನದು ಈ ಕಡೆ ತಾಗಿತ್ತು, ಬಿಚ್ಕೊಂಡೆ. ಇದು ಮೊದಲೇ ಅಲ್ಲಿತ್ತು.” ಹಿಕೊಜಿ ದನಿ ತಗ್ಗಿಸಿದ. “ಗರಿ ಯಾವ ಕಡೆಗೆ ಸುತ್ತಿದೆ ನೋಡಮ್ಮ.”

ಕಿನು ಬಗ್ಗಿ ನೋಡಿದಳು. ಗರಿ ಎಡಕ್ಕೆ ಸುತ್ತಿತ್ತು.

ಆ ಕಣಿವೆಯಲ್ಲಿ ಗಂಡಸರು ಮೀಸೆ ಮೂಡುವ ಹೊತ್ತಿಗೆ ಕಟ್ಟಲು ಕಲಿತ ಗರಿಗಾಳವನ್ನೇ ಸಾಯುವವರೆಗೂ ಕಟ್ಟುತ್ತಾರೆ. ಹೊಳೆಯ ಕಲ್ಲುಗಳ ಅಡಿಯಲ್ಲಿ ಮರಳಿನ ಕಾಳುಗಳನ್ನು ಮೈಗೆ ಅಂಟಿಸಿಕೊಂಡು ಗೂಡು ಮಾಡಿಕೊಳ್ಳುವ ಹುಳವಿದೆಯಲ್ಲ, ಬೇಸಿಗೆ ಮೊದಲಾಗುವಾಗ ಅದು ರೆಕ್ಕೆ ಮೂಡಿಸಿಕೊಂಡು ಸಂಜೆ ನೀರಿನಿಂದ ಮೇಲೇಳುತ್ತದೆ. ಎಲ್ಲರೂ ಕಟ್ಟುವುದು ಆ ಗೂಡುಹುಳದ ರೂಪವನ್ನೇ. ಮೈಗೆ ಜರೀಗಿಡದ ಎಳೆ ಸುರುಳಿಯ ಮೇಲಿನ ಹತ್ತಿಯಂಥ ತುಪ್ಪಳ, ಕತ್ತಿಗೆ ಕಾಡುಕೋಳಿಯ ಗರಿ. ಆದರೆ ಒಬ್ಬರದು ಇನ್ನೊಬ್ಬರದರಂತಿರುವುದಿಲ್ಲ. ನಡಿಗೆ ನೋಡಿ ಆಳನ್ನು ಗುರುತಿಸುವ ಹಾಗೆ ಗಾಳ ನೋಡಿ ಕೈಯನ್ನು ಗುರುತಿಸುತ್ತಾರೆ. ಎಲ್ಲರೂ ಗರಿಯನ್ನು ಬಲಕ್ಕೆ ಸುತ್ತುತ್ತಾರೆ. ಎಡಗೈಯವನಾದ್ದರಿಂದ ತಮೊತ್ಸು ಒಬ್ಬನೇ ಎಡಕ್ಕೆ ಸುತ್ತುತ್ತಿದ್ದ. ಅವನ ಅಮ್ಮ ಚಿಕ್ಕಂದಿನಲ್ಲಿ ಆ ಕೈಗೆ ಬಟ್ಟೆ ಕಟ್ಟಿ ಕಟ್ಟಿ ಊಟಕ್ಕೆ ಮಾತ್ರ ಬಲಗೈ ಬರುವಂತೆ ಮಾಡಿದ್ದಳು. ಉಳಿದದ್ದಕ್ಕೆಲ್ಲ ಅವನಿಗೆ ಎಡಗೈಯೇ.

“ಹಳೇದಿರ್ಬಹುದು,” ಅಂದಳು ಕಿನು.

“ಹಳೇದು ಎಲ್ಲಿಂದ? ಕಬ್ಬಿಣ ನೋಡು, ಹೊಸ ಸೂಜಿ ಇದ್ದಂಗಿದೆ. ಮೊನ್ನೆ ಮೊನ್ನೆ ನೀರಿಗೆ ಬಿದ್ದಿರೋದು. ಅವನು ಕಟ್ಟಿಟ್ಟಿದ್ದ ಗಾಳಗಳೆಲ್ಲ ಅವತ್ತು ಅವನ ಸೊಂಟದ ಡಬ್ಬಿಯಲ್ಲೇ ಇದ್ವು. ಮತ್ತೆ ಇದು ಎಲ್ಲಿಂದ ಬಂತು ಹೇಳು?”

ಅವತ್ತು ಅಂದರೆ ಕಳೆದ ಶರತ್ಕಾಲದ ಬಿರುಗಾಳಿಯ ದಿನ. ಕೆಳಗಿನ ಬಿಸಿನೀರ ಬುಗ್ಗೆಯ ಛತ್ರಕ್ಕೆ ಕೊಡಬೇಕಾದ ಮೀನುಗಳನ್ನು ಜೀವಂತವಾಗಿ ಇಟ್ಟಿದ್ದ ಬಿದಿರಿನ ಪೆಟ್ಟಿಗೆಯನ್ನು ಹೊಳೆಯಲ್ಲಿ ಕಟ್ಟಿಹಾಕಿದ್ದರು. ನೀರು ಏರುತ್ತಿದೆ, ಎಳೆದು ತರುತ್ತೇನೆ ಎಂದು ತಮೊತ್ಸು ಇಳಿದು ಹೋದ. ಪೆಟ್ಟಿಗೆ ಮರುದಿನ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿತ್ತು. ಒಳಗಿನ ಮೀನುಗಳು ಬದುಕಿದ್ದವು. ಅವನು ಸಿಗಲಿಲ್ಲ.

“ಏನ್ರೋ ಅದು ಗುಸುಗುಸು?” ಅತ್ತೆ ಟೊಮೆ ಬಾಗಿಲಿಗೆ ಬಂದೇಬಿಟ್ಟಳು. “ಬೆಳಗಾಗೋ ಹೊತ್ತಿಗೇ ನನ್ನ ಸೊಸೆ ಹತ್ರ ಏನಪ್ಪ ನಿಂದು ಪಂಚಾಯ್ತಿ?”

“ಮೀನು ತಂದೆ ದೊಡ್ಡಮ್ಮ.”

“ನಿನ್ನ ಗಾಳಕ್ಕೆ ಬಿತ್ತಾ? ಪಾಪ, ಕುರುಡು ಮೀನಿರ್ಬೇಕು.”

ಹಿಕೊಜಿ ನಗಲಿಲ್ಲ. ಅವನು ನಗದ್ದನ್ನು ನೋಡಿ ಮುದುಕಿ ಹತ್ತಿರ ಬಂದಳು. ಮೀನನ್ನು ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತಳು.

“ನಾನು ಹೇಳ್ಲಿಲ್ವಾ,” ಅಂದಳು. “ದಿನಾ ಬಟ್ಟಲು ಬೆವರ್ತಿತ್ತು. ನಾನು ಹೇಳ್ಲಿಲ್ವೇನೇ ಕಿನು? ಇವತ್ತಿಂದೂ ತೋರಿಸು ಬಾ.”

ದೂರ ಹೋದವರ ಪಾಲಿನ ಊಟ ಇಡುವುದು ಆ ಕಡೆಯ ಮನೆಗಳ ರೂಢಿ. ಬಟ್ಟಲಿನ ಮುಚ್ಚಳ ತೆಗೆದಾಗ ಒಳಗಡೆ ನೀರಿನ ಹನಿ ಕೂತಿದ್ದರೆ ಹೋದವರು ಎಲ್ಲೋ ಸುಖವಾಗಿದ್ದಾರೆ. ಮುಚ್ಚಳ ಒಣಗಿದ್ದರೆ ಇಲ್ಲ. ಯುದ್ಧದ ಕಾಲದಲ್ಲಿ ಟೊಮೆ ತನ್ನ ತಮ್ಮನಿಗೆ ಹಾಗೇ ಬಟ್ಟಲು ಇಟ್ಟಿದ್ದಳು, ಅವನು ಬಂದಿದ್ದ. ಈಗ ಮಗನಿಗೆ ಇಡಿಸುತ್ತಿದ್ದಳು. ಚಳಿಗಾಲದಲ್ಲೊಮ್ಮೆ ಒಲೆ ಸರಿಯಾಗಿ ಹೊತ್ತದೆ ಅನ್ನ ಆರಿಹೋಗಿತ್ತು. ಮುಚ್ಚಳದ ಒಳಗೆ ಒಂದು ಹನಿಯೂ ಇರಲಿಲ್ಲ. ಮುದುಕಿ ಹಾಸಿಗೆ ಹಿಡಿದವಳು ಗಂಜಿಯನ್ನೂ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ ಆ ಬೆನ್ನನ್ನು ನೋಡಿದ ಮೇಲೆ ಕಿನು ಅನ್ನ ಆರಲು ಬಿಟ್ಟಿರಲಿಲ್ಲ.

ಇವತ್ತು ಬಿಟ್ಟಿದ್ದಳು. ಅತ್ತೆಗಿಂತ ಮೊದಲು ಒಳಗೆ ಓಡಿದಳು. ಒಲೆಯ ಪಕ್ಕದಲ್ಲಿ ತೆರೆದೇ ಇದ್ದ ಬಟ್ಟಲಿನಿಂದ ಒಂದೆಳೆ ಹಬೆಯೂ ಏಳುತ್ತಿರಲಿಲ್ಲ. ಅತ್ತೆಯ ಚಪ್ಪಲಿ ಸದ್ದು ಅಡುಗೆಮನೆಯ ಕಡೆಗೇ ಬರುತ್ತಿತ್ತು. ಕಿನು ಬೆನ್ನು ತಿರುಗಿಸಿ ನೀರಿನ ಮರಿಗೆಯಲ್ಲಿ ಬೆರಳ ತುದಿ ಅದ್ದಿ ಮುಚ್ಚಳದ ಒಳಗೆ ಚಿಮುಕಿಸಿದಳು. ಮುಚ್ಚಿ ತಲೆಯೆತ್ತಿದಾಗ ಮಗಳು ಚಿಯೊ ನೋಡುತ್ತಿದ್ದಳು.

ಮೂರನೇ ತರಗತಿಯ ಹುಡುಗಿ. ಊಟದ ಕಡ್ಡಿಗಳನ್ನು ಬಲಗೈಯಲ್ಲಿ ನೆಟ್ಟಗೆ ಹಿಡಿದು ಕೂತಿದ್ದಳು. ಬಾಯಿ ಸ್ವಲ್ಪ ತೆರೆಯಿತು, ಏನೋ ಕೇಳುವವಳ ಹಾಗೆ. ಮತ್ತೆ ಮುಚ್ಚಿಕೊಂಡಿತು.

ಟೊಮೆ ಮುಚ್ಚಳ ಎತ್ತಿದಳು. “ನೋಡು, ನೋಡು! ಇವತ್ತು ಧಾರಾಕಾರ!” ಅಂದು ಮುಚ್ಚಳವನ್ನು ಎದೆಗೆ ಒತ್ತಿಕೊಂಡಳು.

ಹಿಕೊಜಿ ಕೆಸರುಗಾಲಲ್ಲೇ ಒಳಗೆ ಬಂದು ತನ್ನ ಊಹೆ ಹೇಳಿದ. ಮೀನು ಸಿಕ್ಕಿದ್ದು ಸೀಳುಬಂಡೆಯ ಮಡುವಿನ ಕೆಳಗೆ. ಅದು ಮೇಲಿನಿಂದ ಇಳಿದು ಬಂದಿರಬೇಕು. ತಲೆಗೆ ಪೆಟ್ಟು ಬಿದ್ದು ತನ್ನ ಹೆಸರೇ ಮರೆತವರನ್ನು ಅವನು ಯುದ್ಧದಲ್ಲಿ ಕಂಡಿದ್ದಾನೆ. ತಮೊತ್ಸು ಹಾಗೆ ಎಲ್ಲೋ ದಡ ಹತ್ತಿ, ದಾರಿ ತಪ್ಪಿ, ಹೊಳೆಯ ಮೇಲ್ಗಡೆ, ಬೆಟ್ಟದಾಚೆ ಇದ್ದಲು ಸುಡುವವರ ಗುಡಿಸಲಲ್ಲಿ ಇದ್ದರೂ ಇರಬಹುದು. ಹೆಸರು ಮರೆತರೂ ಕೈ ಕೆಲಸ ಮರೆಯುವುದಿಲ್ಲವಲ್ಲ.

“ನಾಳೆ ಬೆಳಗ್ಗೆ ಹೊರಡ್ತೀನಿ ದೊಡ್ಡಮ್ಮ.”

“ಮಳೆ ಹಿಡೀತಿದೆ ಅಣ್ಣ, ಆ ಬೆಟ್ಟದ ದಾರಿ ಕುಸೀತಾ ಇರುತ್ತೆ,” ಅಂದಳು ಕಿನು.

“ಹೆಂಡ್ತಿಯಾಗಿ ನೀನೇ ಹಿಂಗಂದ್ರೆ ಹೆಂಗಮ್ಮ?” ಅಂದ ಹಿಕೊಜಿ.

“ಗುಡಿಯ ಗುರುಗಳಿಗೂ ಹೇಳಿಬಿಡು ಹಿಕೊಜಿ, ಹೆಸರೂ ಬೇಡ ಗಿಸರೂ ಬೇಡ ಅಂತ,” ಅಂದಳು ಟೊಮೆ.

ಬೇಸಿಗೆಯಲ್ಲಿ ಬೊನ್ ಹಬ್ಬ ಬರುತ್ತದೆ, ತೀರಿಕೊಂಡವರು ಮನೆಗೆ ಬಂದು ಹೋಗುವ ಹಬ್ಬ. ಅಷ್ಟರೊಳಗೆ ಮಂತ್ರ ಹೇಳಿಸಿ, ಹೋದವರಿಗೆ ಇಡುವ ಹೆಸರು ಇಡಿಸಿ, ಇಲ್ಲದಿದ್ದರೆ ಅವನು ಯಾವ ಮನೆಗೆ ಬರಬೇಕೆಂದು ತಿಳಿಯದೆ ನೀರಲ್ಲೇ ನಿಂತಿರುತ್ತಾನೆ ಅಂತ ಗುರುಗಳು ಚಳಿಗಾಲದಿಂದ ಹೇಳುತ್ತಿದ್ದರು. ನೀರಲ್ಲೇ ನಿಂತಿರುತ್ತಾನೆ ಎಂಬ ಆ ಮಾತು ಕಿನುವಿನ ಒಳಗೆ ಮುಳ್ಳಿನಂತೆ ಕೂತಿತ್ತು. ಹಿಮ ಕರಗಿದ ಆ ನೀರು ಎಷ್ಟು ತಣ್ಣಗಿರುತ್ತದೆಂದು ದಿನಾ ಪಾತ್ರೆ ತೊಳೆಯುವ ಅವಳಿಗೆ ಗೊತ್ತು. ಹೋದ ವಾರವಷ್ಟೇ ಅತ್ತೆ ಮೊದಲ ಬಾರಿಗೆ, ನೋಡೋಣ ಅಂದಿದ್ದಳು.

ಆದರೂ ಅವತ್ತು ಬಾರ್ಲಿ ಕೊಯ್ಯಲು ಹೋದ ಕಿನು, ಮೀನಿನ ಬಾಯಿಂದ ಬಿಡಿಸಿದ ಗರಿಗಾಳವನ್ನು ತಲೆವಸ್ತ್ರಕ್ಕೆ ಸಿಕ್ಕಿಸಿಕೊಂಡು ಹೋದಳು. ಕುಡುಗೋಲು ತನ್ನ ಪಾಡಿಗೆ ಆಡುತ್ತಿತ್ತು. ಬದುಕಿದ್ದಾನಾ? ಎಲ್ಲಿ? ಯಾರ ಕೈ ಅಡುಗೆ ತಿನ್ನುತ್ತಿದ್ದಾನೆ? ನನ್ನ ಹೆಸರೂ ಮರೆತಿದ್ದಾನಾ? ಮರೆತಿದ್ದರೂ ಪರವಾಗಿಲ್ಲ. ಮಳೆಯಲ್ಲಿ ನೆನೆದು ಬಂದರೆ ಹಾಕಲು ಅವನ ಹತ್ತಿಯ ಅಂಗಿ ಪೆಟ್ಟಿಗೆಯಲ್ಲಿದೆ, ಗಾಳಿಗೆ ಹಾಕಬೇಕು. ಇಷ್ಟೆಲ್ಲ ಯೋಚಿಸಿದ್ದಕ್ಕೆ ತನ್ನ ಮೇಲೇ ನಾಚಿಕೆಯಾಗಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಹೊಲದಲ್ಲಿ ನಿಂತು ಗಟ್ಟಿಯಾಗಿ ಅತ್ತಳು. ಅವನು ಹೋದಾಗಿನಿಂದ ಅಷ್ಟು ಗಟ್ಟಿಯಾಗಿ ಅತ್ತಿರಲಿಲ್ಲ.

ಮಧ್ಯಾಹ್ನ ಮೋಡ ಸ್ವಲ್ಪ ಸರಿದು ಬಿಸಿಲು ಬಿತ್ತು. ನೀರು ಕುಡಿಯಲು ಕೂತವಳು ಗಾಳವನ್ನು ಅಂಗೈಯಲ್ಲಿಟ್ಟುಕೊಂಡಳು. ಗಂಡ ಕಟ್ಟುವುದನ್ನು ಎಷ್ಟು ಸಲ ನೋಡಿಲ್ಲ. ಒಲೆಯ ಮುಂದೆ ಕೂತು, ಗಾಳವನ್ನು ಬಲಗೈ ಬೆರಳಲ್ಲಿ ಹಿಡಿದು, ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಟ್ಟುತ್ತಿದ್ದ. ಗರಿಯ ಎಳೆಗಳು ಮುಂದಕ್ಕೆ ಬಾಗಿರಬೇಕು, ನೀರಲ್ಲಿ ಎಳೆದಾಗ ಅರಳಿ ಮುಚ್ಚಿ ಅರಳಿ ಮುಚ್ಚಿ ಹುಳ ಉಸಿರಾಡಿದ ಹಾಗೆ ಕಾಣಬೇಕು ಅನ್ನುತ್ತಿದ್ದ. ದಾರ ಮಾತ್ರ ಅವಳ ಹೊಲಿಗೆ ಪೆಟ್ಟಿಗೆಯಿಂದ ಕದ್ದದ್ದು.

ದಾರ.

ಕಿನು ಗಾಳವನ್ನು ಬಿಸಿಲಿಗೆ ಹಿಡಿದಳು. ಕತ್ತಿನ ಹತ್ತಿರ ದಾರದ ಕೊನೆ ಕಾಣುತ್ತಿತ್ತು, ಒಣಗಿದ ನೇರಳೆಹಣ್ಣಿನ ಬಣ್ಣ. ಅದು ಅವಳ ಮದುವೆಯ ನಡುಪಟ್ಟಿಯ ರೇಷ್ಮೆ. ತಮೊತ್ಸು ಇದ್ದಷ್ಟು ದಿನ ಆ ನಡುಪಟ್ಟಿ ಪೆಟ್ಟಿಗೆಯ ತಳದಲ್ಲಿತ್ತು. ಮಗುವಿಗೆ ದಪ್ಪ ಅಂಗಿ ಇಲ್ಲವೆಂದು ಅದನ್ನು ಅವಳು ಎಳೆ ಎಳೆಯಾಗಿ ಬಿಚ್ಚಿದ್ದು ಈ ಚಳಿಗಾಲದಲ್ಲಿ. ಉಳಿದ ಎಳೆಗಳು ಹೊಲಿಗೆ ಪೆಟ್ಟಿಗೆಯಲ್ಲೇ ಇದ್ದವು.

ಅವಳು ಬಹಳ ಹೊತ್ತು ಅಲ್ಲೇ ಕೂತಿದ್ದಳು. ಮೋಡ ಮತ್ತೆ ಮುಚ್ಚಿಕೊಂಡಿತು.

ಸಂಜೆ ಅವಳು ಮನೆಗೆ ಹೋಗದೆ ನೇರ ಸೀಳುಬಂಡೆಯ ಮಡುವಿಗೆ ಇಳಿದಳು. ಗೂಡುಹುಳಗಳು ಏಳುವ ಹೊತ್ತು. ಕಂದು ರೆಕ್ಕೆಯ ನೊಣಗಳು ನೀರಿಂದ ಕಿತ್ತುಕೊಂಡು ಬಂದು ಅಲೆಯ ಮೇಲೆ ತಡವರಿಸಿ ಹಾರುತ್ತಿದ್ದವು. ಚಿಯೊ ಮೊಣಕಾಲುದ್ದ ನೀರಲ್ಲಿ ನಿಂತಿದ್ದಳು. ಕೈಯಲ್ಲಿದ್ದದ್ದು ಸೌದೆಮನೆಯ ಮಾಡಿನಲ್ಲಿ ಧೂಳು ಹಿಡಿದಿದ್ದ, ತಮೊತ್ಸು ಹುಡುಗನಾಗಿದ್ದಾಗಿನ ಗಿಡ್ಡ ಬಿದಿರುಕೋಲು. ಎಡಗೈಯಲ್ಲಿ ಹಿಡಿದಿದ್ದಳು. ಮೊಣಕೈ ಪಕ್ಕೆಗೆ ಅಂಟಿಸಿ, ಮಣಿಕಟ್ಟನ್ನಷ್ಟೇ ಒಮ್ಮೆ ಕೊಡವಿದಳು. ದಾರ ಸದ್ದಿಲ್ಲದೆ ಬಿಚ್ಚಿಕೊಂಡು ಹೋಗಿ ಗಾಳ ಬಂಡೆಯ ನೆರಳಿಗೆ ಬಿತ್ತು. ಆ ಕೊಡವುವಿಕೆ ಅವನದೇ. ತುಸು ಎಳೆದು, ಬಿಟ್ಟು, ತುಸು ಎಳೆಯುವುದೂ ಅವನದೇ.

“ಚಿಯೊ.”

ಹುಡುಗಿ ಬೆಚ್ಚಿಬಿದ್ದಳು. ಕೋಲನ್ನು ಬೆನ್ನ ಹಿಂದೆ ಅಡಗಿಸಲು ನೋಡಿದಳು. ಕೋಲು ಅವಳಿಗಿಂತ ಉದ್ದವಿತ್ತು.

“ದೊಡ್ಡದಾಗಿತ್ತಮ್ಮ ಅದು. ದಾರ ಕಡಿದುಕೊಂಡು ಹೋಯ್ತು,” ಅಂದಳು ಉಸಿರು ಬಿಡದೆ. “ಹಿಕೊಜಿ ಮಾವನಿಗೆ ಸಿಗುತ್ತೆ ಅಂತ ನಂಗೇನ್ ಗೊತ್ತಿತ್ತು? ಬೆಳಗ್ಗೆನೇ ಹೇಳ್ತಿದ್ದೆ. ಅಜ್ಜಿ ಅಷ್ಟೊಂದು ನಗ್ತಿದ್ರು...”

“ಬಾ ಇಲ್ಲಿ. ಕಾಲು ಮರಗಟ್ಟಿ ಹೋಗಿದೆ ನೋಡು.”

ಕಿನು ಬಂಡೆಯ ಮೇಲೆ ಕೂತು ಮಗುವಿನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಲೆವಸ್ತ್ರದಿಂದ ಉಜ್ಜಿದಳು.

“ಯಾರು ಕಲಿಸಿದ್ರು ಕಟ್ಟೋಕೆ?”

“ಅಪ್ಪ. ಅಜ್ಜಿಗೆ ಹೇಳ್ಬೇಡ, ಈ ಕೈ ಬಳಸಿದ್ದಕ್ಕೆ ಇಬ್ರಿಗೂ ಬೀಳುತ್ತೆ ಅಂದಿದ್ರು.” ಚಿಯೊ ತನ್ನ ಎಡಗೈ ನೋಡಿಕೊಂಡಳು. “ಗರಿ ಕಟ್ಟದ ಬರೀ ಗಾಳಗಳು ನಿನ್ನ ಹೊಲಿಗೆ ಪೆಟ್ಟಿಗೆ ಅಡಿಯಲ್ಲಿದ್ವು. ಕಾಗದದ ಪೊಟ್ಟಣ. ಅಪ್ಪ ಇಟ್ಟಿದ್ದು.”

“ಯಾಕೆ ಬರ್ತೀಯ ಇಲ್ಲಿಗೆ? ಈ ನೀರಿಗೆ ಭಯ ಆಗಲ್ವಾ?”

“ಆಗುತ್ತೆ.” ಚಿಯೊ ನೀರಿನ ಮೇಲಿನ ನೊಣಗಳ ಕಡೆ ನೋಡಿದಳು. “ಈ ವರ್ಷ ಹುಳ ಏಳೋದನ್ನ ತೋರಿಸ್ತೀನಿ ಅಂದಿದ್ರು. ಕಟ್ಟೋವಾಗ ಕೈ ಅಪ್ಪನ ಕೈ ಥರ ಆಗುತ್ತಮ್ಮ. ಅದಕ್ಕೆ.”

ಆಮೇಲೆ ತಾನಾಗಿಯೇ ಹೇಳಿದಳು: “ಬಾಯಿ ಮುಚ್ಕೊಂಡಿದ್ದ ಗೂಡು ಒಂದಷ್ಟು ತಂದು ಗಾಜಿನ ಜಾಡಿಯಲ್ಲಿ ಇಟ್ಟಿದ್ದೆ. ಒಳಗೆ ರೆಕ್ಕೆ ಬರುತ್ತೆ, ನಿದ್ದೆ ಮಾಡ್ತಿರುತ್ತೆ, ಮುಟ್ಬಾರ್ದು ಅಂದಿದ್ರು ಅಪ್ಪ. ನಾನು ಮುಟ್ಲಿಲ್ಲ. ಕಾದೆ ಕಾದೆ, ಒಂದೂ ಏಳ್ಲಿಲ್ಲ. ಒಡೆದು ನೋಡಿದ್ರೆ ಎಲ್ಲ ಕೊಳೆತುಹೋಗಿತ್ತು. ನಾನು ಸುಮ್ನೆ ನೀರು ಬದಲಾಯಿಸ್ತಾ ಇದ್ದೆ.”

ಕಿನು ಪಾದ ಉಜ್ಜುವುದನ್ನು ನಿಲ್ಲಿಸಿದಳು. ಮಗು ಅವಳ ಮುಖವನ್ನೇ ನೋಡುತ್ತಿತ್ತು. ಬೆಳಗ್ಗೆ ತೆರೆದು ಮುಚ್ಚಿಕೊಂಡ ಬಾಯಿ ಮತ್ತೆ ಸ್ವಲ್ಪ ತೆರೆಯಿತು. ಕೇಳು ಮಗಳೇ, ಅಂದುಕೊಂಡಳು ಕಿನು. ಮರುಗಳಿಗೆಯೇ, ಕೇಳಬೇಡ, ಅಂದುಕೊಂಡಳು. ಆ ಮನೆಯಲ್ಲಿ ಯಾರೂ ಆಡದ ಒಂದು ಮಾತಿತ್ತು. ಹೋದ, ಸಿಗಲಿಲ್ಲ, ಬರಲಿಲ್ಲ ಅನ್ನುತ್ತಿದ್ದರು. ಅದನ್ನು ಮಾತ್ರ ಅನ್ನುತ್ತಿರಲಿಲ್ಲ.

“ಅಜ್ಜಿಗೆ ನಾನು ಹೇಳ್ತೀನಿ,” ಅಂದಳು ಕಿನು. “ನೀನು ಹೆದರ್ಬೇಡ.”

ಹೇಳಲಿಲ್ಲ. ಮನೆಗೆ ಬಂದಾಗ ಟೊಮೆ ಕೆಂಪು ಕಾಳು ನೆನೆಹಾಕುತ್ತಿದ್ದಳು. ನಾಳೆ ಹಿಕೊಜಿಯ ಬುತ್ತಿಗೆ ಕೆಂಪನ್ನ, ಶುಭದ ದಿನಕ್ಕೆ ಮಾಡುವ ಅನ್ನ. ಎಷ್ಟೋ ತಿಂಗಳ ಮೇಲೆ ತಲೆ ಬಾಚಿಕೊಂಡಿದ್ದಳು. “ತಮೊತ್ಸುಗೆ ಉಪ್ಪಿನ ಮೂಲಂಗಿ ಇಷ್ಟ, ಅದನ್ನೂ ಕಟ್ಟೋಣ್ವೇನೇ?” ಅಂತ ಸೊಸೆಯನ್ನು ಕೇಳಿದಳು. ಕಟ್ಟೋಣ ಅತ್ತೆ, ಅಂದಳು ಕಿನು.

ಬೆಳಗ್ಗೆ ಮಳೆ ಸುರಿಯುತ್ತಿತ್ತು. ಬೆಟ್ಟದ ಅರ್ಧಕ್ಕೆ ಮೋಡ ಇಳಿದಿತ್ತು. ಹಿಕೊಜಿ ಹುಲ್ಲಿನ ಮಳೆಹೊದಿಕೆ ಹೊದ್ದು, ಕಾಲಿಗೆ ಪಟ್ಟಿ ಸುತ್ತಿಕೊಂಡು ಬಾಗಿಲಲ್ಲಿ ಬಂದು ನಿಂತ.

“ಬುತ್ತಿ ಕೊಡು ದೊಡ್ಡಮ್ಮ. ಕತ್ತಲಾಗೋದ್ರೊಳಗೆ ಆ ಕಡೆ ಇಳೀಬೇಕು.”

“ಇರೋ, ಬಟ್ಟಲು ನೋಡ್ಕೊಂಡು ಹೋಗು. ಒಳ್ಳೇದಾಗುತ್ತೆ.”

ಕಿನು ಕುದಿಕುದಿಯುವ ಅನ್ನವನ್ನೇ ತುಂಬಿ ಮುಚ್ಚಿಟ್ಟಿದ್ದಳು. ಬಾಗಿಲಾಚೆ ಎಲ್ಲೋ ಮೇಲುಗಡೆ ಮಣ್ಣು ಜಾರಿದ ಸದ್ದು ಕೇಳಿಸಿತು. ಹಿಕೊಜಿ ಆ ಕಡೆ ತಲೆಯೆತ್ತಿ ನೋಡಿ, ಸೊಂಟದ ಹಗ್ಗ ಬಿಗಿ ಮಾಡಿಕೊಂಡ. ಅವನಿಗೂ ಮನೆಯಲ್ಲಿ ಹೆಂಡತಿಯಿದ್ದಾಳೆ. ಅವಳೂ ನಾಳೆಯಿಂದ ಬಟ್ಟಲು ಇಡಬೇಕೇನು?

ಕಿನು ಎದ್ದು ಹೊಲಿಗೆ ಪೆಟ್ಟಿಗೆ ತಂದಳು. ಮೀನಿನ ಬಾಯಿಯ ಗಾಳವನ್ನೂ ಚಿಯೊ ನಿನ್ನೆ ಕೋಲಿನಿಂದ ಬಿಚ್ಚಿಕೊಟ್ಟ ಗಾಳವನ್ನೂ ಬಟ್ಟಲಿಟ್ಟಿದ್ದ ಗಂಡನ ಊಟದ ಮಣೆಯ ಮೇಲೆ ಪಕ್ಕಪಕ್ಕದಲ್ಲಿಟ್ಟಳು. ನೇರಳೆ ರೇಷ್ಮೆಯ ಎಳೆಯನ್ನೂ ಇಟ್ಟಳು.

“ಅತ್ತೆ, ಅಣ್ಣ, ಇವೆರಡೂ ಒಂದೇ ಕೈದು. ಚಿಯೊ ಕಟ್ಟಿದ್ದು. ಈ ದಾರ ನಾನು ಬಿಚ್ಚಿದ್ದು ಈ ಚಳಿಗಾಲದಲ್ಲಿ.”

ಹಿಕೊಜಿ ಬಗ್ಗಿ ನೋಡಿದ. ನೋಡಿ ಮಳೆಹೊದಿಕೆಯ ಟೋಪಿಯನ್ನು ಮೆಲ್ಲಗೆ ತೆಗೆದ. ಅದರಿಂದ ನೀರು ನೆಲಕ್ಕೆ ತೊಟ್ಟಿಕ್ಕಿತು.

“ಸುಳ್ಳು,” ಅಂದಳು ಟೊಮೆ. “ಅವಳಿಗೆ ಎಡಗೈ ಬಿಡಿಸಿದವಳು ನಾನು.”

ಚಿಯೊ ಊಟದ ಕಡ್ಡಿಗಳನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಳು. ತುದಿಯಿಂದ ಮಣೆಯ ಮೇಲಿನ ಆ ಕೂದಲೆಳೆಯಂಥ ರೇಷ್ಮೆಯನ್ನು ಎತ್ತಿ ಹಿಡಿದಳು. ಒಂದೇ ಸಲಕ್ಕೆ ಸಿಕ್ಕಿತು.

ಮುದುಕಿ ಅದನ್ನು ನೋಡಲು ಒಪ್ಪಲಿಲ್ಲ. ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಗಾಳಗಳು ಉರುಳಿದವು. ಬಟ್ಟಲಿನ ಮುಚ್ಚಳ ಎತ್ತಿ, ಒಳಭಾಗವನ್ನು ಸೊಸೆಯ ಮುಖದ ಮುಂದೆ ಹಿಡಿದಳು. ತುಂಬ ಹನಿಗಳಿದ್ದವು.

“ಹಂಗಾದ್ರೆ ಇದೇನು? ಹೇಳೇ! ಗಾಳ ಅವಳದೇ ಇರ್ಲಿ, ಇದು ಯಾರದ್ದು? ದಿನಾ ದಿನಾ ಬರುತ್ತಲ್ಲ, ಇದನ್ನ ಯಾರು ತಂದಿಡ್ತಾರೆ?”

ಉತ್ತರ ಕಿನುವಿನ ನಾಲಿಗೆಯ ಮೇಲಿತ್ತು. ಮುಂದೆ ಹಿಡಿದ ಆ ಮುಚ್ಚಳದ ಹಿಂದಿನ ಮುಖ ನೋಡಿ ಅದು ಹೊರಬರಲಿಲ್ಲ. ಮುಚ್ಚಳದ ಅಂಚಿನಿಂದ ಒಂದು ಹನಿ ಜಾರಿ ಚಾಪೆಯ ಮೇಲೆ ಬಿತ್ತು.

ಚಿಯೊ ಕಡ್ಡಿಗಳನ್ನು ಕೆಳಗಿಟ್ಟಳು. ಅಮ್ಮನ ಕಡೆ ಒಮ್ಮೆ ನೋಡಿದಳು. ಆಮೇಲೆ ಮೊಣಕಾಲಲ್ಲೇ ಸರಿದು ಹೋಗಿ, ಮುಚ್ಚಳ ಹಿಡಿದಿದ್ದ ಅಜ್ಜಿಯ ಮಣಿಕಟ್ಟಿನ ಮೇಲೆ ತನ್ನ ಎಡಗೈಯಿಟ್ಟಳು.

“ಅಜ್ಜೀ,” ಅಂದಳು ಮೆತ್ತಗೆ, “ಅನ್ನ ಬಿಸಿ ಇದ್ರೆ, ಅಪ್ಪ ಸತ್ತು ಹೋಗಿದ್ರೂ ನೀರು ಬರುತ್ತಲ್ವಾ?”